ಹತ್ತನೆಯವನಾಗಿ ಒಂದು ಕಲ್ಲು

ತಝೌಂಗ್‌ಮೋನ್ ತಿಂಗಳ ಹುಣ್ಣಿಮೆಗೆ ಇನ್ನು ಆರು ದಿನವಿತ್ತು. ಮಳೆ ಹಿಂದೆ ಸರಿದು, ಬೆಳಗಿನ ಹೊತ್ತು ಬಾವಿಯ ಹಗ್ಗ ಮುಟ್ಟಿದರೆ ಕೈ ಜುಮ್ಮೆನ್ನುವ ಕಾಲ. ಭಿಕ್ಷುಗಳು ಬೀದಿಗೆ ಬಂದು ಹೋಗಿದ್ದರು, ಅನ್ನದ ಪಾತ್ರೆಯ ಬಿಸಿ ಇನ್ನೂ ಆರಿರಲಿಲ್ಲ. ಆ ಹೊತ್ತಿನಲ್ಲಿ ಮ್ಯಾ ಯಿನ್ ಚಾಪೆಯ ಮೇಲೆ ಹುಣಸೆಬೀಜ ಹರಡಿಕೊಂಡು ಕೂತಳು.

ಪಖೊಕ್ಕು ಕಡೆಯ ಆ ಹಳ್ಳಿಯಲ್ಲಿ ಚುಟ್ಟಾ ಸುತ್ತುವುದು ಅವಳ ಕಸುಬು. ವಯಸ್ಸು ಐವತ್ತೆರಡು. ವರ್ಷಕ್ಕೊಮ್ಮೆ ತನ್ನ ಬೀದಿಯವರನ್ನು ಕಟ್ಟಿಕೊಂಡು ಯಾತ್ರೆ ಹೊರಡಿಸುವುದು ಅವಳೇ. ಓದು ಬರಹ ಅಷ್ಟಕ್ಕಷ್ಟೆ, ಲೆಕ್ಕವೆಲ್ಲ ಬೀಜದಲ್ಲಿ. ಒಂದು ಬೀಜವೆಂದರೆ ಅರ್ಧ ದಿನ. ಈ ಸಲದ ಯಾತ್ರೆ ಮೋಂಯ್ವಾದ ಪಗೋಡಕ್ಕೆ. ಒಂದೇ ರಾತ್ರಿಯಲ್ಲಿ ನೇಯ್ದು ಮುಗಿಸಿದ ಚೀವರವನ್ನು, ಅಂದರೆ ಕಾವಿ ಬಟ್ಟೆಯನ್ನು, ಹುಣ್ಣಿಮೆಯ ಬೆಳಿಗ್ಗೆ ಬುದ್ಧನಿಗೆ ಒಪ್ಪಿಸುವ ಜಾತ್ರೆ ಅದು. ಅದಕ್ಕೆ ಅವಳು ಮೂರು ಬೀಜ ಇಟ್ಟಳು. ಕೈಯಲ್ಲಿ ಇನ್ನೂ ಮೂರು ಉಳಿದವು. ಅಷ್ಟು ದೂರ ಹೋಗಿ ಬೇರೇನೂ ನೋಡದೆ ಮರಳುವುದೇ ಎಂದು ಅವಳಿಗೆ ಆಸೆ ಹುಟ್ಟಿತು. ಒಂದು ಬೀಜವನ್ನು ನದಿಯಾಚೆಯ ಪೋವಿನ್‌ತೌಂಗ್ ಗುಹೆಗಳಿಗೆ, ಒಂದನ್ನು ಬೆಟ್ಟದ ಬಾಯಲ್ಲಿರುವ ಹಸಿರು ಕೊಳಕ್ಕೆ, ಇನ್ನೊಂದನ್ನು ಅರಗಿನ ಬಟ್ಟಲು ಮಾಡುವ ಊರಿಗೆ ಇಟ್ಟಳು.

ಪಕ್ಕದಲ್ಲಿ ದೊಡ್ಡಮ್ಮ ದೋ ಒನ್ ಶ್ವೆ ಜಪಮಣಿ ಎಣಿಸುತ್ತಿದ್ದರು. ಎಪ್ಪತ್ತಮೂರು ದಾಟಿದವರು. ಎರಡೂ ಕಣ್ಣಿಗೆ ಪೊರೆ ಬಂದು, ಮನುಷ್ಯರೆಲ್ಲ ಅವರಿಗೆ ಹೊಗೆಯ ಹಾಗೆ. ಮ್ಯಾ ಯಿನ್‌ಳ ತಾಯಿ ಹೆರಿಗೆಯಲ್ಲಿ ಹೋದಾಗ ಮಗುವನ್ನು ಎತ್ತಿಕೊಂಡವರು, ಮದುವೆಯನ್ನೂ ಬೇಡವೆಂದು ಅದನ್ನು ಸಾಕಿದವರು.

"ನಾನು ಬರೋದು ಚೀವರಕ್ಕೆ ಕಣೇ," ಎಂದರು ಅವರು. "ಗುಹೆ ನೋಡೋಕೆ ನನಗೆ ಕಣ್ಣೆಲ್ಲಿದೆ?"

"ನಾನು ನೋಡಿ ಹೇಳ್ತೀನಿ ದೊಡ್ಡಮ್ಮ. ನಿಮ್ಮ ಕೈ ಬಿಡ್ತೀನಾ?"

ಆ ಮಾತನ್ನು ಅವಳು ಮುಂದೆ ಎಷ್ಟು ಸಲ ನೆನೆಸಿಕೊಂಡಳೋ.

ಹೊರಡಬೇಕಿದ್ದವರು ಹತ್ತು ಜನ. ಹೊರಡುವ ಬೆಳಿಗ್ಗೆ ಬಡಗಿಯ ಹೆಂಡತಿಗೆ ಚಳಿಜ್ವರ ಬಂದು ಒಂಬತ್ತಾಯಿತು. ಒಂಬತ್ತು ಜನ ಒಟ್ಟಿಗೆ ಯಾತ್ರೆ ಹೊರಡಬಾರದು. ಹೊರಟರೆ ಒಬ್ಬರು ಕಡಿಮೆಯಾಗಿ ಮರಳುತ್ತಾರೆ. ಇದು ಅಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅದಕ್ಕೆ ಪರಿಹಾರವೂ ಎಲ್ಲರಿಗೂ ಗೊತ್ತು: ಒಂದು ಕಲ್ಲನ್ನು ಹೆಸರಿಟ್ಟು ಹತ್ತನೆಯವನಾಗಿ ಕರೆದುಕೊಂಡು ಹೋಗುವುದು. ಬೀದಿಯ ನಗೆಗಾರ ಥಾ ಝಾನ್ ಹಳ್ಳದಿಂದ ತೆಂಗಿನಕಾಯಿ ಗಾತ್ರದ ನುಣ್ಣನೆಯ ಕಲ್ಲು ತಂದ. ಅದಕ್ಕೆ ಕೋ ಚೌಕ್, ಅಂದರೆ ಕಲ್ಲಣ್ಣ ಎಂದು ಹೆಸರಿಟ್ಟು, ಕೆನ್ನೆಗೆ ಚಂದನದ ಹಾಗೆ ತಣಖಾ ಬಳಿದ. "ಇವನೊಬ್ಬನೇ ನೋಡಿ ನಮ್ಮಲ್ಲಿ ಊಟ ಕೇಳದವನು, ವಾಂತಿ ಮಾಡದವನು," ಎಂದು ಬುಟ್ಟಿಯಲ್ಲಿ ಕೂರಿಸಿದ. ಆಮೇಲೆ ದಾರಿಯಲ್ಲಿ ಯಾರೂ ಒಂಬತ್ತು ಎಂಬ ಮಾತನ್ನೇ ಎತ್ತಲಿಲ್ಲ. ಕೇಳಿದವರಿಗೆಲ್ಲ ಹತ್ತು ಜನ ಎಂದೇ ಹೇಳಿದರು. ಮ್ಯಾ ಯಿನ್ ಪ್ರತಿ ಸಲ ಗಾಡಿ ಹತ್ತುವಾಗ ತಲೆ ಎಣಿಸಿ, ಕೊನೆಗೆ ಬುಟ್ಟಿಯ ಕಲ್ಲನ್ನು ಸೇರಿಸಿ ಹತ್ತು ಮಾಡುತ್ತಿದ್ದಳು.

ಹುಣ್ಣಿಮೆ ಮಂಗಳವಾರ ಬಂತು. ಬೆಳಿಗ್ಗೆ ದೊಡ್ಡಮ್ಮ ಎಂಟು ಶೀಲ ತೊಟ್ಟರು, ಜೊತೆಗೆ ಮರುದಿನ ಸೂರ್ಯ ಹುಟ್ಟುವವರೆಗೆ ಮೌನದ ವ್ರತವನ್ನೂ ಹಿಡಿದರು. ನಡುಹಗಲಾದ ಮೇಲೆ ಊಟವಿಲ್ಲ, ಮಾತಂತೂ ಇಲ್ಲವೇ ಇಲ್ಲ. ಚೀವರ ಒಪ್ಪಿಸಿದ ಮೇಲೆ ಥಾ ಝಾನ್ ಮೂರು ಮೂಲೆಯ ಕಂಚಿನ ಜಾಗಟೆಯನ್ನು ಮೂರು ಸಲ ಬಾರಿಸಿದ. ಮ್ಯಾ ಯಿನ್ ಈ ಪುಣ್ಯ ಎಲ್ಲರಿಗೂ ಸಮಪಾಲು ಎಂದು ಗಟ್ಟಿಯಾಗಿ ಕೂಗಿ ಪುಣ್ಯ ಹಂಚಿದಳು. ಸುತ್ತ ಇದ್ದವರೆಲ್ಲ, ಗುರುತಿಲ್ಲದವರು ಕೂಡ, ಸಾಧು ಸಾಧು ಸಾಧು ಎಂದರು. ದೊಡ್ಡಮ್ಮನ ಬಾಯಿಂದಲೂ ಆ ಮಾತು ಬಂತು. ಥಾ ಝಾನ್ ಬಿಡುತ್ತಾನೆಯೇ? ವ್ರತ ಮುರೀತು, ದೊಡ್ಡಮ್ಮ ಸಿಕ್ಕಿಬಿದ್ದರು ಎಂದು ಕೆಣಕಿದ. ಪಕ್ಕದಲ್ಲಿದ್ದ ಮುದಿ ಭಿಕ್ಷು ಅವನನ್ನು ಗದರಿಸಿದರು. ಲೋಕದ ಮಾತಿಗೆ ಬೀಗ ಹಾಕಿದ್ದು, ಧರ್ಮದ ಮಾತಿಗಲ್ಲ; ಪುಣ್ಯ ಹಂಚಿದ್ದು ಕಿವಿಗೆ ಬಿದ್ದ ಮೇಲೆ ಸಾಧು ಅನ್ನದೆ ಇರುವುದೇ ತಪ್ಪು ಎಂದರು. ದೊಡ್ಡಮ್ಮ ಬಾಯಿ ಬಿಡದೆ ನಕ್ಕರು.

ಮಧ್ಯಾಹ್ನಕ್ಕೆ ಮುಂಚೆ ದೋಣಿಯಲ್ಲಿ ಚಿಂದ್ವಿನ್ ನದಿ ದಾಟಿದರು. ಆಚೆ ದಡದಲ್ಲಿ ಉ ಚಿಟ್ ಪೇ ಎಂಬ ಮುದುಕನ ಟ್ರಕ್ಕನ್ನು ಗೊತ್ತು ಮಾಡಿದರು. ಹಿಂದೆ ಎರಡು ಸಾಲು ಹಲಗೆ, ಮೇಲೆ ತಾಡಪಾಲು. ಸಂಜೆಯ ಕೊನೆಯ ದೋಣಿ ಸೂರ್ಯ ಮುಳುಗುವಾಗ, ಅದರೊಳಗೆ ಮರಳಬೇಕು ಎಂದು ಮುದುಕ ಮೂರು ಸಲ ಹೇಳಿದ. ಗುಹೆಗಳಿಗೆ ಒಂದು ಗಂಟೆಯ ದಾರಿ. ದಾರಿಯೆಂದರೆ ಬರೀ ಧೂಳು. ಎಲ್ಲರೂ ತಲೆಯಿಂದ ಮೂಗಿನವರೆಗೆ ಶಾಲು ಸುತ್ತಿಕೊಂಡು, ಯಾರು ಯಾರೆಂದು ಗುರುತು ಸಿಗದ ಮೂಟೆಗಳಾಗಿ ಕೂತರು.

ಬೆಟ್ಟದ ಬುಡದಲ್ಲಿ ಇಳಿದಾಗ ಮ್ಯಾ ಯಿನ್ ಮೊದಲು ಓಡಿದ್ದು ಚಹಾದಂಗಡಿಗೆ, ಹೊತ್ತು ವಿಚಾರಿಸಲು. ಹಿಂದೆ ಟ್ರಕ್ಕಿನಲ್ಲಿ ನಡೆದದ್ದನ್ನು ಅವಳು ನೋಡಲಿಲ್ಲ. ದೊಡ್ಡಮ್ಮ ಕೂತಿದ್ದ ಮೂಲೆಯಲ್ಲಿ ಥಾ ಝಾನ್ ಹಾಸಿಗೆ ತುಂಬಿದ ಎತ್ತರದ ಬೆತ್ತದ ಬುಟ್ಟಿಯನ್ನು ಎತ್ತಿಟ್ಟು, ಅದರ ಮೇಲೆ ಕಲ್ಲಣ್ಣನನ್ನು ಕೂರಿಸಿ, "ನಿಮ್ಮ ಜಾಗ ಇವನು ಕಾಯ್ತಾನೆ," ಎಂದಿದ್ದ. ಬಿಸಿಲು ಏರಿತ್ತು. ದೊಡ್ಡಮ್ಮ ತಮ್ಮ ಕಂದು ಶಾಲನ್ನು ತೆಗೆದು, ಕೈಸನ್ನೆಯಲ್ಲಿ ಅವನಿಗೆ ಚಳಿ ಎಂದು ತೋರಿಸಿ, ಕಲ್ಲಿನ ತಲೆಯ ಮೇಲಿಂದ ಬುಟ್ಟಿಯ ಕೆಳಗಿನವರೆಗೆ ಹೊದಿಸಿದರು. ಉಳಿದವರು ಆಗಲೇ ಇಳಿದು ಹೋಗಿದ್ದರು, ನೋಡಿ ನಕ್ಕವನು ಥಾ ಝಾನ್ ಒಬ್ಬನೇ.

ಬೆಟ್ಟದ ತುಂಬ ಗುಹೆ. ಜೇನುಹುಟ್ಟಿನಂತೆ ಸಾಲು ಸಾಲು, ನೂರಾರು. ಒಂದರಲ್ಲಿ ಮಲಗಿದ ಬುದ್ಧ, ಒಂದರಲ್ಲಿ ಕೂತ ಬುದ್ಧ, ಗೋಡೆಯಲ್ಲಿ ಕಾವಿ ಬಣ್ಣದ ಚಿತ್ರ, ಹೊರಗೆ ಕೋತಿ. ಮ್ಯಾ ಯಿನ್ ಮೊದಲ ಹತ್ತು ಗುಹೆಗಳವರೆಗೆ ದೊಡ್ಡಮ್ಮನ ಕೈ ಹಿಡಿದಿದ್ದಳು. ಅಷ್ಟರಲ್ಲಿ ಮೇಲಿಂದ ಯಾರೋ, ಇಲ್ಲಿ ಆನೆಯ ಚಿತ್ರ ಇದೆ ಬಾ ಎಂದು ಕರೆದರು. ದೊಡ್ಡಮ್ಮ ಮಲಗಿದ ಬುದ್ಧನ ಪಾದದ ಬಳಿ ಕೂತು, ನೀನು ಹೋಗು ಎಂದು ಕೈಯಾಡಿಸಿದರು. ಆನೆ ನೋಡಿದಳು. ಆನೆಯ ಪಕ್ಕದ ಗುಹೆಯನ್ನೂ ನೋಡಿದಳು. ಕೆಳಗಿಂದ ಟ್ರಕ್ಕಿನ ಹಾರನ್ ಕೇಳಿ ಎಲ್ಲರೂ ಇಳಿಯತೊಡಗಿದಾಗ, ದೊಡ್ಡಮ್ಮನನ್ನು ಬಿಟ್ಟಿದ್ದ ಗುಹೆಯ ಬಾಗಿಲು ಖಾಲಿ ಕಂಡಿತು. ದೊಡ್ಡಮ್ಮನನ್ನು ಯಾರೋ ಮುಂದೆ ಕರೆದೊಯ್ದಿದ್ದಾರೆ ಎಂದುಕೊಂಡಳು.

ಟ್ರಕ್ಕಿನ ಹಿಂದೆ ನಿಂತು ಎಣಿಸಿದಳು. ಮುಂದೆ ಮುದುಕನ ಪಕ್ಕ ಥಾ ಝಾನ್ ಒಬ್ಬ, ಆಗಲೇ ತೂಕಡಿಸುತ್ತಿದ್ದ. ತಾನೊಬ್ಬಳು. ತಾಡಪಾಲಿನ ಕತ್ತಲಲ್ಲಿ ಶಾಲು ಹೊದ್ದ ತಲೆಗಳು ಏಳು. ಮೂಲೆಯಲ್ಲಿ ಕಂದು ಶಾಲು, ಮಾತಿಲ್ಲದೆ, ಅಲುಗಾಡದೆ. ಸರಿ. ಒಂಬತ್ತು ಎಂಬುದನ್ನು ನಾಲಿಗೆಗೆ ತರದೆ, ಬುಟ್ಟಿಯ ಕಲ್ಲನ್ನು ಮನಸ್ಸಿನಲ್ಲೇ ಸೇರಿಸಿ, "ಹತ್ತು. ನಡೀರಿ," ಎಂದಳು.

ದಡ ಮುಟ್ಟಿದಾಗ ಸೂರ್ಯ ಎರಡು ಬಿದಿರಿನಷ್ಟು ಮೇಲಿದ್ದ. ದೋಣಿ ಇನ್ನೂ ಆಚೆ ದಡದಲ್ಲಿತ್ತು. ಮ್ಯಾ ಯಿನ್ ಅಂಗಡಿಯಿಂದ ತಾಳೆಬೆಲ್ಲದ ನೀರು ತಂದಳು. ಶೀಲ ಹಿಡಿದವರು ಊಟ ಮಾಡುವಂತಿಲ್ಲ, ಇದನ್ನು ಕುಡಿಯಬಹುದು. ಟ್ರಕ್ಕಿನೊಳಗೆ ಬಗ್ಗಿ, "ದೊಡ್ಡಮ್ಮ, ಗಂಟಲು ಒಣಗಿರತ್ತೆ, ತಗೊಳ್ಳಿ," ಎಂದು ಲೋಟ ನೀಡಿದಳು. ಕೈ ಬರಲಿಲ್ಲ. ನಿದ್ದೆ ಬಂದಿರಬೇಕೆಂದು ಹೆಗಲು ಅಲುಗಿಸಿದಳು. ಹೆಗಲಿರಬೇಕಾದ ಕಡೆ ಬೆತ್ತ ಕಿರುಗುಟ್ಟಿತು. ಶಾಲು ಜಾರಿ ತಲೆ ಹೊರಬಂತು. ತಣಖಾ ಬಳಿದ ಕೆನ್ನೆ, ಕಣ್ಣಿಲ್ಲ, ಬಾಯಿಲ್ಲ. ಮುಟ್ಟಿದ ಬೆರಳಿಗೆ ತಣ್ಣಗೆ ಹತ್ತಿತು.

ಲೋಟ ಕೈಯಿಂದ ಬಿತ್ತು. 

ಪಕ್ಕದಲ್ಲಿ ಕೂತು ಬಂದಿದ್ದ ಹೆಂಗಸು ಎದ್ದು ನೋಡಿ ಹಿಂದಕ್ಕೆ ಸರಿದಳು. "ದಾರಿಯುದ್ದಕ್ಕೂ ನಾನು ಇವರ ಹೆಗಲಿಗೇ ಒರಗಿಕೊಂಡು ಬಂದೆನಲ್ಲ," ಎಂದಳು. ಹೇಳುತ್ತಾ ಹೇಳುತ್ತಾ ತನ್ನ ಕೆನ್ನೆಯನ್ನು ಒರೆಸಿಕೊಳ್ಳತೊಡಗಿದಳು, ಏನೋ ಅಂಟಿದ ಹಾಗೆ.

ಆಮೇಲೆ ಎಲ್ಲರೂ ಒಮ್ಮೆಗೇ ಮಾತಾಡಿದರು. ಯಾರು ಕೊನೆಗೆ ನೋಡಿದ್ದು, ಯಾರು ಕೈ ಹಿಡಿದದ್ದು ಎಂದು. ಒಂಬತ್ತು ಜನ ಹೊರಟರೆ ಹೀಗೆಯೇ ಎಂದು ಯಾರೋ ಅಂದುಬಿಟ್ಟರು. ಆ ಸಂಖ್ಯೆ ಬಾಯಿಂದ ಬಿದ್ದದ್ದೇ ತಡ, ಎಲ್ಲರ ಕಣ್ಣೂ ಕಲ್ಲಿನ ಕಡೆ ತಿರುಗಿತು. ಉಳಿದವರು ದೋಣಿ ಹತ್ತಿ ಮೋಂಯ್ವಾದಲ್ಲಿ ಇಳಿದುಕೊಂಡಿದ್ದ ಛತ್ರಕ್ಕೆ ಹೋಗುವುದು, ಮ್ಯಾ ಯಿನ್ ಮತ್ತು ಥಾ ಝಾನ್ ಮರಳಿ ಬೆಟ್ಟಕ್ಕೆ ಹೋಗುವುದು ಎಂದಾಯಿತು. ಟ್ರಕ್ಕಿನ ಮುದುಕ ತಲೆಯಲ್ಲಾಡಿಸಿದ. "ಹೊತ್ತು ಮುಳುಗಿದ ಮೇಲೆ ಆ ಬೆಟ್ಟದಲ್ಲಿ ಯಾರೂ ಇರಲ್ಲ ತಾಯಿ. ಅಂಗಡಿಯೋಳೂ ಇರಲ್ಲ. ಹಾವು ಮಾತ್ರ."

"ಅದಕ್ಕೇ ಹೋಗ್ಬೇಕು," ಎಂದಳು ಮ್ಯಾ ಯಿನ್.

ಅವನು ಗಾಡಿ ಶುರು ಮಾಡಿದ.

ಆ ಒಂದು ಗಂಟೆಯ ದಾರಿಯನ್ನು ಮ್ಯಾ ಯಿನ್ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕಳೆದಳು. ಕೆಳಗಿಡೋಣವೆಂದರೆ ಕೈ ಬರುತ್ತಿರಲಿಲ್ಲ, ನೋಡೋಣವೆಂದರೆ ಧೈರ್ಯ ಬರುತ್ತಿರಲಿಲ್ಲ. ದೊಡ್ಡಮ್ಮನಿಗೆ ಹಗಲೇ ಹೊಗೆ. ಸಂಜೆಯಾದರೆ ಪೂರಾ ಕತ್ತಲು. ಗುಹೆಯ ಮುಂದಿನ ಮೆಟ್ಟಿಲುಗಳಿಗೆ ಆಸರೆಯಿಲ್ಲ, ಎರಡು ಆಳು ಕೆಳಗೆ ಬಂಡೆ. ಶಾಲೂ ಇಲ್ಲ, ಅದು ಇಲ್ಲಿದೆ. ಎಲ್ಲಕ್ಕಿಂತ ಮೇಲಾಗಿ, ಬಿದ್ದರೂ ಅವರು ಕೂಗುವವರಲ್ಲ. ಹಿಂದೊಮ್ಮೆ ಹೀಗೇ ಮೌನದಲ್ಲಿದ್ದಾಗ ಚೇಳು ಕಡಿದಿತ್ತು. ಬೆಳಗಾಗುವವರೆಗೆ ಅಂಗೈ ಕಚ್ಚಿಕೊಂಡು ಕೂತಿದ್ದವರು. ಆ ಹಲ್ಲಿನ ಗುರುತು ಇನ್ನೂ ಇದೆ.

ಥಾ ಝಾನ್ ಆ ದಾರಿಯಲ್ಲಿ ಒಂದೇ ಮಾತಾಡಿದ. "ಅಕ್ಕ, ಶಾಲು ಹೊದಿಸಿದ್ದು ಅವರು, ಆದ್ರೆ ಕೂರಿಸಿದ್ದು ನಾನು."

ಅವಳು ಕಲ್ಲನ್ನು ಮಡಿಲಿಗೆ ಒತ್ತಿಕೊಂಡಳು. ಎಣಿಸಿದ್ದು ತಾನು.

ಬೆಟ್ಟದ ಬುಡಕ್ಕೆ ಬಂದಾಗ ಸೂರ್ಯ ಮರಗಳ ಹಿಂದೆ ಇಳಿದಿದ್ದ. ಚಹಾದಂಗಡಿಗೆ ತಟ್ಟಿ ಕಟ್ಟಿತ್ತು. ಬರಿಗಾಲಲ್ಲಿ ಹತ್ತಬೇಕಾದ ಮೆಟ್ಟಿಲ ಕೆಳಗೆ, ಮಧ್ಯಾಹ್ನ ಚಪ್ಪಲಿಗಳ ರಾಶಿ ಇದ್ದಲ್ಲಿ, ಈಗ ಒಂದೇ ಒಂದು ಚಪ್ಪಲಿ ಇತ್ತು. ಕಪ್ಪು ಮಖಮಲ್ಲಿನ ಪಟ್ಟಿ. ಜೋಡಿಯ ಇನ್ನೊಂದು ಇಲ್ಲ. ಕೋತಿ ಒಯ್ದಿರಬೇಕು ಎಂದ ಥಾ ಝಾನ್. ಹೌದು, ಕೋತಿಯೇ ಎಂದಳು ಅವಳು. ಬೇರೆ ಏನೆಂದು ಯೋಚಿಸಲು ಇಬ್ಬರೂ ಒಪ್ಪಲಿಲ್ಲ.

ಮಲಗಿದ ಬುದ್ಧನ ಗುಹೆ ಯಾವುದೆಂದು ಅವಳಿಗೆ ನೆನಪಿತ್ತು, ಅಥವಾ ಹಾಗೆಂದುಕೊಂಡಿದ್ದಳು. ಹೋಗಿ ನೋಡಿದರೆ ಕೂತ ಬುದ್ಧ. ಅದರ ಪಕ್ಕದ್ದರಲ್ಲಿ ಮಲಗಿದ ಬುದ್ಧ, ಪಾದದ ಬಳಿ ಯಾರೂ ಇಲ್ಲ. ಮೇಲಿನ ಸಾಲಿನಲ್ಲೂ ಮಲಗಿದ ಬುದ್ಧ, ಕೆಳಗಿನ ಸಾಲಿನಲ್ಲೂ. ಹಗಲಿನಲ್ಲಿ ಬೇರೆ ಬೇರೆ ಇದ್ದ ಬಾಗಿಲುಗಳೆಲ್ಲ ಈಗ ಒಂದೇ ಬಾಯಿಯಾಗಿದ್ದವು. ದೊಡ್ಡಮ್ಮಾ ಎಂದು ಕೂಗಿದಳು. ನೂರು ಬಾಯಿಗಳೂ ದೊಡ್ಡಮ್ಮಾ ಎಂದವು. ಕೊಂಬೆಗಳಲ್ಲಿ ಕೋತಿಗಳು ಕಿಚಗುಟ್ಟಿ ಸುಮ್ಮನಾದವು. ಥಾ ಝಾನ್ ಹೆಸರು ಹಿಡಿದು ಕೂಗಿದ. ಬಂಡೆಗಳೇ ಕರೆದು ಬಂಡೆಗಳೇ ಕೇಳಿಸಿಕೊಂಡ ಹಾಗಾಯಿತು.

ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ, "ಅಕ್ಕ, ಹಳೇ ಗುಡಿಗಳಲ್ಲಿ ನಿಧಿ ಕಾಯೋ ಹೆಣ್ಣುಗಳಿರ್ತಾರಂತೆ. ಮದುವೆ ಆಗದೋರನ್ನ, ಪುಣ್ಯವಂತರನ್ನ ತಮ್ಮ ಜೊತೆಗೆ ಕರ್ಕೊಳ್ತಾರಂತೆ."

"ಬಾಯಿ ಮುಚ್ಚು."

ಅವನು ಮುಚ್ಚಿದ. ಆದರೆ ಮಾತು ಹೊರಬಿದ್ದಿತ್ತು. ಅದು ಅವಳ ಬೆನ್ನ ಹಿಂದೆಯೇ ನಡೆದುಬಂತು. ಕೆಂಪಾಗಿದ್ದ ಆಕಾಶ ಬೂದಿಯಾಗುತ್ತಿತ್ತು. ಹುಣ್ಣಿಮೆಯ ಚಂದ್ರ ಬೆಟ್ಟದ ಆಚೆಗಿದ್ದ, ಈ ಮಗ್ಗುಲಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ತನ್ನ ಕಾಲೇ ತನಗೆ ಕಾಣುವುದಿಲ್ಲ. ಸೂರ್ಯ ಹುಟ್ಟುವವರೆಗೆ ಅವರು ಬಾಯಿ ಬಿಡುವುದಿಲ್ಲ. ಈ ಚಳಿಯಲ್ಲಿ, ಶಾಲಿಲ್ಲದೆ, ಹೊಟ್ಟೆಗಿಲ್ಲದೆ, ಅಲ್ಲಿಯವರೆಗೆ ಉಳಿದರೆ ತಾನೆ. ಕೂಗಿದಷ್ಟೂ ದಂಡ. ಲೋಕದ ಮಾತಿಗೆ ಬೀಗ.

ಅಲ್ಲಿ ಅವಳು ನಿಂತಳು. ಬೆಳಗಿನ ಭಿಕ್ಷುವಿನ ದನಿ ಕಿವಿಯಲ್ಲಿ ಮರಳಿ ಬಂತು.

"ಜಾಗಟೆ ಎಲ್ಲಿ?"

ಅದು ಥಾ ಝಾನ್‌ನ ಹೆಗಲುಚೀಲದಲ್ಲೇ ಇತ್ತು. ಬಾರಿಸುವ ಕೋಲು ಛತ್ರದಲ್ಲಿ ಉಳಿದಿತ್ತು. ಅವಳು ಕೆಳಗೆ ಓಡಿ ಟ್ರಕ್ಕಿನಿಂದ ಕಲ್ಲಣ್ಣನನ್ನು ಎತ್ತಿಕೊಂಡು ಬಂದಳು. ಥಾ ಝಾನ್ ಜಾಗಟೆಯನ್ನು ದಾರದಲ್ಲಿ ಎತ್ತಿ ಹಿಡಿದ. ಅವಳು ಎರಡೂ ಕೈಯಲ್ಲಿ ಕಲ್ಲು ಹಿಡಿದು ಮೂರು ಸಲ ಹೊಡೆದಳು. ಕಂಚು ಅಳುವ ಹಾಗೆ ದನಿ ಎಳೆಯಿತು.

"ಇವತ್ತು ನಾವು ಚೀವರ ಕೊಟ್ಟ ಪುಣ್ಯ, ಶೀಲ ಹಿಡಿದ ಪುಣ್ಯ, ಎಲ್ಲರಿಗೂ ಸಮಪಾಲು. ಕಂಡೋರಿಗೆ, ಕಾಣದೋರಿಗೆ, ಕೇಳಿಸಿಕೊಂಡೋರಿಗೆಲ್ಲ ಸಮಪಾಲು. ಬಂದು ತಗೊಳ್ಳಿ."

ಕಿವಿಯಾನಿಸಿದರು. ಏನೂ ಇಲ್ಲ. ಮುಂದಿನ ಸಾಲಿಗೆ ಹೋದರು. ಮತ್ತೆ ಮೂರು ಏಟು, ಮತ್ತೆ ಅದೇ ಮಾತು. ಏನೂ ಇಲ್ಲ. ಮೂರನೆಯ ಸಾಲಿನಲ್ಲಿ ಕಾಲು ಜಾರಿ ಅವಳ ಮೊಣಕಾಲು ಬಂಡೆಗೆ ಬಡಿಯಿತು. ದನಿ ಒಡೆದು, ಸಮಪಾಲು ಎಂಬ ಮಾತು ಅರ್ಧಕ್ಕೇ ನಿಂತಿತು. ಈ ಬೆಟ್ಟದಲ್ಲಿ ಉತ್ತರ ಕೊಡುವವರೇ ಇಲ್ಲದಿದ್ದರೆ ಎಂಬ ಯೋಚನೆ ಆಗಲೇ ಮೊದಲ ಸಲ ಪೂರ್ತಿಯಾಗಿ ಬಂದದ್ದು. ಎದ್ದು, ಮತ್ತೆ ಹೊಡೆದಳು. ಮತ್ತೆ ಹೇಳಿದಳು, ಕೊನೆಯವರೆಗೂ ಹೇಳಿದಳು.

ಬಲಗಡೆ, ಕೆಳಗಿಂದ, ಬಾವಿಯೊಳಗಿನ ಹಾಗೆ ಒಂದು ದನಿ ಬಂತು.

"ಸಾಧು. ಸಾಧು. ಸಾಧು."

 ಮನುಷ್ಯರ ದನಿಯೋ ಅಲ್ಲವೋ ಎಂದು ಥಾ ಝಾನ್ ಅವಳ ತೋಳು ಹಿಡಿದ. ಅವಳು ಕೊಡವಿಕೊಂಡು ದನಿ ಬಂದ ಕಡೆ ಕೂತುಕೊಂಡೇ ಜಾರಿದಳು. ಎರಡು ಗುಹೆಗಳ ನಡುವೆ ಒಬ್ಬರು ಹಿಡಿಸುವಷ್ಟು ಒಂದು ಗೂಡು. ಅದರಲ್ಲಿ ದೊಡ್ಡಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಅಂಗೈ ತರಚಿ ರಕ್ತ ಒಣಗಿತ್ತು. ಒಂದು ಪಾದ ಊದಿ ಕುಂಬಳಕಾಯಿಯಾಗಿತ್ತು. ತುಟಿ ನೀಲಿ. ಮ್ಯಾ ಯಿನ್ ಹತ್ತಿರ ಬಂದಾಗ ಅವರು ಅವಳ ಮುಖವನ್ನು ಬೆರಳಿನಿಂದ ತಡವಿದರು: ಹಣೆ, ಮೂಗು, ಗಲ್ಲದ ಮೇಲಿನ ಹಳೆಯ ಗಾಯ. ಗಾಯ ಸಿಕ್ಕಿದ ಮೇಲೆಯೇ ಅವರ ಉಸಿರು ಸಡಿಲವಾದದ್ದು. ಮಾತು ಮಾತ್ರ ಆಡಲಿಲ್ಲ.

ಥಾ ಝಾನ್ ಬೆನ್ನ ಮೇಲೆ ಹೊತ್ತು ಇಳಿಸಿದ. ಕೊನೆಯ ದೋಣಿ ಹೋಗಿತ್ತು. ಟ್ರಕ್ಕಿನ ಮುದುಕ ತನ್ನ ಮನೆಗೇ ಕರೆದೊಯ್ದ. ಅವನ ಹೆಂಡತಿ ಪಾದಕ್ಕೆ ಬಿಸಿ ಅರಿಸಿನ ಕಟ್ಟಿದಳು. ಮ್ಯಾ ಯಿನ್ ದೊಡ್ಡಮ್ಮನ ಮಣಿಕಟ್ಟನ್ನು ಬಿಡಲೇ ಇಲ್ಲ.

ಬುಧವಾರ ಸೂರ್ಯ ಹುಟ್ಟಿ, ತಟ್ಟಿಯ ಸಂದಿನಿಂದ ಬಿಸಿಲು ಕಾಲಿಗೆ ಬಿದ್ದ ಮೇಲೆ ದೊಡ್ಡಮ್ಮ ಬಾಯಿ ಬಿಟ್ಟರು. ದನಿ ಗೊಗ್ಗರಾಗಿತ್ತು.

"ಗಾಡಿ ಶುರುವಾದ ಸದ್ದು ಕೇಳಿಸ್ತು. ಹೊರಗೆ ಬಂದೆ. ಮಾತು ಹಲ್ಲಿನ ತನಕ ಬಂತು, ನುಂಗಿದೆ. ಮ್ಯಾ ಯಿನ್ ಎಣಿಸದೆ ಹೋಗೋಳಲ್ಲ, ಈಗ ನಿಲ್ಲಿಸ್ತಾಳೆ ಅಂದ್ಕೊಂಡೆ."

"ಎಣಿಸಿದೆ ದೊಡ್ಡಮ್ಮ," ಎಂದಳು ಮ್ಯಾ ಯಿನ್. "ಎಣಿಸೇ ಹೋದೆ."

ದೊಡ್ಡಮ್ಮ ಅವಳ ಕೈ ತಡವಿ ಹಿಡಿದರು. ಸದ್ದಿನ ಹಿಂದೆ ಹೋಗಲು ನೋಡಿ ಮೆಟ್ಟಿಲಿಂದ ಬಿದ್ದದ್ದನ್ನು, ತೆವಳಿಕೊಂಡು ಆ ಗೂಡು ಸೇರಿದ್ದನ್ನು ಆಮೇಲೆ ಹೇಳಿದರು. ಸಂಜೆ ತಮ್ಮನ್ನು ಹೆಸರು ಹಿಡಿದು ಕೂಗಿದ್ದೂ ಕೇಳಿತ್ತಂತೆ.

"ಕೇಳಿತ್ತಾ? ಹಾಗಾದ್ರೆ ಒಂದು ಕಲ್ಲಾದ್ರೂ ಕುಟ್ಟಬಾರದಾಗಿತ್ತಾ?"

"ಹೆದರಿದ್ದೆ ಕಣೇ. ಕತ್ತಲಾಗೋ ಹೊತ್ತು, ಅಂಥಾ ಜಾಗ. ನಿನ್ನ ದನಿ ತಗೊಂಡು ಬೇರೆ ಯಾವುದೋ ಕರೀತಿದೆ ಅಂದ್ಕೊಂಡೆ. ಸದ್ದು ಮಾಡಿದ್ರೆ ಬಂದುಬಿಡತ್ತೆ ಅಂತ ಉಸಿರು ಹಿಡಿದು ಕೂತೆ." ಅವರು ಊದಿದ ಕಾಲನ್ನು ಬಿಸಿಲಿಗೆ ಎಳೆದುಕೊಂಡರು. "ಆಮೇಲೆ ಪುಣ್ಯ ಹಂಚಿದ್ದು ಕೇಳಿಸ್ತು. ಅಂಥದ್ದಕ್ಕೆ ಹಂಚೋಕೆ ಪುಣ್ಯ ಎಲ್ಲಿಂದ ಬರಬೇಕು?"

ಬೆಳಗಿನ ದೋಣಿಯಲ್ಲಿ ನದಿ ದಾಟಿದರು. ಛತ್ರದಲ್ಲಿದ್ದವರು ಅತ್ತರು, ಬೈದರು, ಮತ್ತೆ ಅತ್ತರು. ಮ್ಯಾ ಯಿನ್ ಸೆರಗಿನ ಗಂಟಿನಲ್ಲಿದ್ದ ಎರಡು ಹುಣಸೆಬೀಜಗಳನ್ನು ಬಿಚ್ಚಿ ಅಂಗಳಕ್ಕೆ ಎಸೆದಳು. ಹಸಿರು ಕೊಳವೂ ಬೇಡ, ಅರಗಿನ ಬಟ್ಟಲೂ ಬೇಡ.  ಆ ರಾತ್ರಿ ಜಾತ್ರೆಯವರೆಲ್ಲ ಬೆಂಕಿಯ ಬಲೂನು ಹಾರಿಸುವುದನ್ನು ನೋಡಲು ಹೋದರೂ ಅವಳು ದೊಡ್ಡಮ್ಮನ ಚಾಪೆಯ ಅಂಚು ಬಿಟ್ಟು ಏಳಲಿಲ್ಲ.

ಊರಿಗೆ ಹೊರಡುವಾಗ ಬಸ್ಸಿನ ಬಾಗಿಲಲ್ಲಿ ಅವಳು ಎಣಿಸಲು ನಿಂತಳು. ಬೆರಳು ಎದ್ದಿತು, ಬಾಯಿ ಬರಲಿಲ್ಲ. ಎರಡು ಸಲ ಶುರು ಮಾಡಿ ಎರಡು ಸಲ ನಿಲ್ಲಿಸಿದಳು.

"ಸರಿ, ನಾನು ಎಣಿಸ್ತೀನಿ," ಎಂದರು ದೊಡ್ಡಮ್ಮ. "ಕಣ್ಣಿರೋರು ಎಣಿಸಿದ್ದು ನೋಡಾಯ್ತಲ್ಲ."

ಥಾ ಝಾನ್‌ನ ಹೆಗಲು ಹಿಡಿದು, ಕುಂಟುತ್ತ, ಒಬ್ಬೊಬ್ಬರ ಶಾಲು ಸರಿಸಿ ಮುಖ ತಡವಿ ಎಣಿಸಿದರು. ಕಿವಿ ಎಳೆದು ನೋಡಿದರು, ಒಬ್ಬಳ ಮೂಗು ಹಿಂಡಿದರು. ಕೊನೆಗೆ ತಮ್ಮ ಎದೆ ಮುಟ್ಟಿಕೊಂಡರು. ಆಮೇಲೆ ಮ್ಯಾ ಯಿನ್‌ಳ ಮಡಿಲಿಗೆ ಕೈ ಹಾಕಿ, ಜಾಗಟೆಗೆ ಬಡಿದು ಒಂದು ಚಕ್ಕೆ ಎದ್ದಿದ್ದ ಕಲ್ಲನ್ನು ತಡವಿದರು. ಅವನಿಗೆ ಶಾಲು ಹೊದಿಸಲಿಲ್ಲ.

ಹೀಗೆ ಹತ್ತೂ ಜನ ಮೋಂಯ್ವಾದಿಂದ ಹೊರಟದ್ದು ಗುರುವಾರ.